ಕೋಣಗಳಿಗೆ ಮೇವಿಟ್ಟವನು

"ಗುರುಗಳೇ, ನಾನು ಯಾರಿಗೂ ಕೇಡು ಮಾಡಿದವನಲ್ಲ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಏಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಬಡಕಲು ಕೋಣಗಳನ್ನು ಕೊಂಡು ತಂದು, ಕೊಬ್ಬಿಸಿ, ಕಟುಕರಿಗೆ ಮಾರುತ್ತಿದ್ದ. ಅವುಗಳಿಗೆ ಮೇವು ಹಾಕಲು ಒಬ್ಬ ಆಳನ್ನು ಇಟ್ಟುಕೊಂಡಿದ್ದ. ಆಳು ನಿಷ್ಠೆಯವನು. ಹುರುಳಿ ಬೇಯಿಸಿ, ಹಿಂಡಿ ನೆನೆಸಿ, ಬೂಸಾ ಕಲಸಿ ಹೊತ್ತು ಹೊತ್ತಿಗೆ ಇಡುತ್ತಿದ್ದ. ದಿನವೂ ಬೆಳಿಗ್ಗೆ ಒಂದೊಂದರ ಪಕ್ಕೆಯನ್ನೂ ಸವರಿ ನೋಡುತ್ತಿದ್ದ. ಎಲುಬು ಕೈಗೆ ಸಿಗದಂತಾದ ದಿನ ವ್ಯಾಪಾರಿಗೆ, "ಇದು ಆಯಿತು" ಎನ್ನುತ್ತಿದ್ದ. ಮರುದಿನ ಕಟುಕರು ಅದನ್ನು ಒಯ್ಯುವ ಹೊತ್ತಿಗೆ ಆಳು ಹುಲ್ಲು ತರುವ ನೆಪದಲ್ಲಿ ಹೊರಟುಬಿಡುತ್ತಿದ್ದ.

ಒಮ್ಮೆ ಬಂದ ಕೋಣವೊಂದು ಯಾವ ಮೇವಿಗೂ ಬಾಯಿ ಹಾಕಲಿಲ್ಲ. ಇದು ಉಳಿಯುವುದಿಲ್ಲ ಎಂದರು ಎಲ್ಲರೂ. ಆಳು ಒಂಬತ್ತು ದಿನ ಅದರ ಪಕ್ಕದಲ್ಲೇ ಕುಳಿತು, ಗಂಜಿಯನ್ನು ಅಂಗೈಯಲ್ಲಿ ಹಿಡಿದು ನೆಕ್ಕಿಸಿದ. ಹತ್ತನೆಯ ದಿನ ಅದು ತಾನಾಗಿ ತಿಂದಿತು. ಆಮೇಲೆ ಅವನ ಹೆಜ್ಜೆಯ ಸಪ್ಪಳ ಕೇಳಿದರೆ ಸಾಕು, ಎದ್ದು ನಿಲ್ಲುತ್ತಿತ್ತು.

ತಿಂಗಳು ಕಳೆಯುತ್ತ ಅದರ ಎಲುಬೂ ಮುಚ್ಚಿತು. ಆಳು ವ್ಯಾಪಾರಿಗೆ ಹೇಳಲಿಲ್ಲ. ಸೊರಗಿದರೆ ಉಳಿದೀತು ಎಂದುಕೊಂಡು ಮೇವನ್ನು ಅರ್ಧಕ್ಕೆ ಇಳಿಸಿದ. ಆದರೆ ಹಸಿವಿನಿಂದ ಅದು ಅರಚುವುದನ್ನು ಎರಡು ದಿನಕ್ಕಿಂತ ಹೆಚ್ಚು ಕೇಳಲಾರದೆ, ಮತ್ತೆ ಹೊಟ್ಟೆ ತುಂಬ ಇಟ್ಟ.

ಕೊನೆಗೆ ವ್ಯಾಪಾರಿ ತಾನೇ ಬಂದು ಪಕ್ಕೆ ಮುಟ್ಟಿ ನೋಡಿದ. "ಇದು ಆಗಿ ಎಷ್ಟು ದಿನವಾಯಿತೋ?" ಎಂದ. ಆಳು ತಲೆ ತಗ್ಗಿಸಿದ.

ಮರುದಿನ ವ್ಯಾಪಾರಿ ಅವನನ್ನು ಹುಲ್ಲಿಗೆ ಹೋಗಗೊಡಲಿಲ್ಲ. ಕಟುಕ ಹಗ್ಗ ಹಿಡಿದು ಎಳೆದ. ಕೋಣ ಕಾಲೂರಿ ನಿಂತಿತು. ಹೊಡೆದರೂ ಕದಲಲಿಲ್ಲ.

"ನೀನು ಕರೆಯೋ. ನಿನ್ನ ಮಾತು ಕೇಳುತ್ತದೆ" ಎಂದ ವ್ಯಾಪಾರಿ.

ಅದರ ಬೆನ್ನಿಗೆ ಏಟು ಬೀಳುವುದನ್ನು ನೋಡಲಾರದೆ ಆಳು ಮುಂದೆ ಹೋಗಿ ಬರಿಗೈ ಚಾಚಿದ. ಕೋಣ ಅದನ್ನು ನೆಕ್ಕುತ್ತ ಕಟುಕನ ಗಾಡಿಯವರೆಗೂ ಅವನ ಹಿಂದೆ ನಡೆದು ಬಂತು.

ಅಂದು ಮನೆಯಲ್ಲಿ ಹೆಂಡತಿ ಬಡಿಸಿದ ಅನ್ನವನ್ನು ಅವನು ಮುಟ್ಟಲಿಲ್ಲ. "ನಾನು ಅದರ ಹೊಟ್ಟೆಗೆ ಹಾಕಿದೆ, ಅಷ್ಟೇ ತಾನೇ?" ಎಂದು ಕೇಳಿದ. ಅವಳು ತಟ್ಟೆ ಎತ್ತಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆದರೆ ಕತ್ತಿ ಹಿಡಿದವನು ಅವನಲ್ಲವಲ್ಲ, ಗುರುಗಳೇ?"

"ಅಲ್ಲ. ಕತ್ತಿ ಹಿಡಿದವನ ಹಿಂದೆ ಅದು ಹೋಗಲೂ ಇಲ್ಲ."