ಮೂರು ತಟ್ಟೆಯ ಲ್ಯಾಟಿನ್

ಕರಾವಳಿಯಲ್ಲಿ ಹುಡುಗರು ಪಾದ್ರಿಯಾಗಲು ಓದುವ ಒಂದು ಸೆಮಿನರಿಗೆ ನಾನು ಮೀನು ಹಾಕುತ್ತಿದ್ದೆ. ಅಲ್ಲಿ ಲ್ಯಾಟಿನ್ ಕಲಿಸುವ ಫಾದರ್ ಅಲೆಕ್ಸಿಸ್, ಅಡುಗೆಯವನಿಗೂ ಲ್ಯಾಟಿನ್ ಕಲಿಸಿದ್ದೇನೆಂದು ಮೆರೆಯಲು, ಅಡುಗೆಯ ಬಸ್ತ್ಯಾಂವನಿಗೆ ಗಡುವು ಕೊಟ್ಟರು.

"ಭಾನುವಾರ ಬಿಷಪ್ಪರು ಊಟಕ್ಕೆ ಬರುತ್ತಾರೆ. ಒಳ್ಳೆಯದು, ಅದಕ್ಕಿಂತ ಒಳ್ಳೆಯದು, ಎಲ್ಲಕ್ಕಿಂತ ಒಳ್ಳೆಯದು, ಈ ಮೂರನ್ನೂ ಅವರೆದುರು ಲ್ಯಾಟಿನ್‌ನಲ್ಲಿ ಹೇಳು. ತಪ್ಪಿದರೆ ಗಂಟುಮೂಟೆ ಕಟ್ಟು."

ಭಾನುವಾರ ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಬಸ್ತ್ಯಾಂವ ಮೂರು ತಟ್ಟೆ ತಂದು ಬಿಷಪ್ಪರ ಮುಂದಿಟ್ಟ. ಮೊದಲನೆಯದರಲ್ಲಿ ಸಣ್ಣ ಬೂತಾಯಿ ಮೀನು.

"ಬೋನುಸ್. ಇದು ಹುಡುಗರಿಗೆ."

ಎರಡನೆಯದರಲ್ಲಿ ಬಂಗುಡೆ.

"ಮೆಲಿಯೊರ್. ಇದು ಪಾದ್ರಿಗಳಿಗೆ."

ಫಾದರ್ ಹೆಮ್ಮೆಯಿಂದ ತಲೆದೂಗಿದರು. ಮೂರನೆಯದರಲ್ಲಿ ದುಬಾರಿ ಅಂಜಲ್ ಮೀನಿನ ಅಂಗೈಯಗಲದ ತುಂಡು.

"ಓಪ್ತಿಮುಸ್."

"ಇದು ಯಾರಿಗಪ್ಪಾ?" ಬಿಷಪ್ಪರು ಕೇಳಿದರು.

"ಫಾದರ್ ಅಲೆಕ್ಸಿಸರ ಕೋಣೆಗೆ, ಸ್ವಾಮಿ. ದಿನಾ ನಾನೇ ಗುಟ್ಟಾಗಿ ಒಯ್ಯುತ್ತೇನಲ್ಲ, ಹಾಗೆ ಬಾಯಿಪಾಠವಾಯಿತು."

ಫಾದರ್ ಬಾಯಿಗೆತ್ತಿದ ನೀರಿನ ಲೋಟ ಅಲ್ಲೇ ನಿಂತಿತು. ಸಾಲಾಗಿ ಕೂತ ಪಾದ್ರಿಗಳು ಅಂಜಲ್ ತಟ್ಟೆಯ ಕಡೆಗೆ ಕತ್ತು ತಿರುಗಿಸಿದರು.

ಬಿಷಪ್ಪರು ಬೂತಾಯಿ ತಟ್ಟೆಯನ್ನು ಮೆಲ್ಲಗೆ ಫಾದರ್ ಮುಂದೆ ಸರಿಸಿದರು.

"ನೀವು ಮೊದಲನೆಯದರಿಂದ ಮತ್ತೆ ಶುರುಮಾಡಿ, ಫಾದರ್."

ಬಸ್ತ್ಯಾಂವನ ಕೆಲಸ ಉಳಿಯಿತು. ನನಗೆ ಮಾತ್ರ ದಿನಾ ಅಂಜಲ್ ಕೊಳ್ಳುವ ಗಿರಾಕಿ ತಪ್ಪಿತು.