ಬೊಡ್ಡೆಯ ಮೇಲಿನ ಕಲ್ಲು

ಕಾಳಿ ನದಿಯ ದಂಡೆಯಲ್ಲಿ, ಸಾಗವಾನಿ ಕಾಡು ಮುಗಿಯುವ ಕಡೆ, ಹುಲ್ಲು ಹೊದಿಸಿದ ಒಂದು ಗುಡಿಸಲು. ಪೂಜ್ಯ ಗುರುಶಾಂತ ಅಜ್ಜನವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಮಠ ಕಟ್ಟಿಸಿಕೊಡುತ್ತೇವೆಂದು ಬಂದ ದೊಡ್ಡವರನ್ನೆಲ್ಲ ಮಜ್ಜಿಗೆ ಕುಡಿಸಿ ಸಾಗಹಾಕಿದ ಮಹಾನುಭಾವರು ಅವರು. ಒಂದು ಬೇಸಿಗೆಯ ಮಧ್ಯಾಹ್ನ ಆ ಗುಡಿಸಲಿಗೆ ಮರ ಕಡಿಸಿ ಮಾರುವ ನಾಟಾ ಕಂಟ್ರಾಕ್ಟರ್ ಗದಿಗೆಪ್ಪ ಹಣ್ಣಿನ ಬುಟ್ಟಿ ಹಿಡಿದು ಬಂದ. ಭಕ್ತಿಯಿಂದಲ್ಲ, ಅನುಮಾನದಿಂದ.

ಹಿಂದಿನ ವಾರವಷ್ಟೇ ಕಾಡಿಗೆ ಬೆಂಕಿ ಬಿದ್ದಿತ್ತು. ಜೇನು ಕೀಳುವ ಬಾಬಲೋ ವೇಳಿಪನೇ ಕಾರಣ, ಹೊಗೆ ಹಾಕಲು ಅವನು ಹಿಡಿದ ಉರಿಯುವ ಸೂಡಿಯಿಂದಲೇ ಕಿಡಿ ಹಾರಿತು ಎಂದು ಎಲ್ಲರೂ ನಂಬಿದ್ದರು. ಅವನನ್ನು ಹೊಳೆಯಾಚೆಯ ಅರಣ್ಯ ಇಲಾಖೆಯ ತಪಾಸಣಾ ನಾಕಾದಲ್ಲಿ ಕೂಡಿಹಾಕಿ, ಮರುದಿನ ಕೋರ್ಟಿಗೆ ಒಯ್ಯುವವರಿದ್ದರು. ನಿಜವಾಗಿ ಬೆಂಕಿ ಹಚ್ಚಿದವನು ಗದಿಗೆಪ್ಪ. ಪರವಾನಗಿ ಇಲ್ಲದ ಕಡೆ ಸಾಗವಾನಿ ಕಡಿಸಿ, ಉಳಿದ ಬೊಡ್ಡೆಗಳು ಯಾರ ಕಣ್ಣಿಗೂ ಬೀಳಬಾರದೆಂದು ತರಗೆಲೆಗೆ ಕಡ್ಡಿ ಗೀರಿದ್ದ.

ಕೆಲಸ ಅಚ್ಚುಕಟ್ಟಾಗಿ ಮುಗಿದಿತ್ತು. ಆದರೆ ಬೆಂಕಿ ಆರಿದ ಮೇಲೆ ಅಜ್ಜನವರು ಸುಟ್ಟ ಕಾಡಿನಲ್ಲಿ ಒಬ್ಬರೇ ಓಡಾಡಿದರಂತೆ, ಅಲ್ಲಲ್ಲಿ ಬಗ್ಗಿ ನೋಡಿದರಂತೆ ಎಂಬ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಗದಿಗೆಪ್ಪನಿಗೆ ಅನ್ನ ಸೇರುತ್ತಿರಲಿಲ್ಲ. ಈ ಮುದುಕರಿಗೆ ಅಲ್ಲೇನು ಕೆಲಸ? ರೇಂಜರ್ ಸಾಹೇಬರ ಕಡೆಯವರೋ? ಇಲ್ಲಾ ಬಾಯಿ ಮುಚ್ಚಿಕೊಂಡಿರಲು ಬೆಲೆ ಹೇಳುವವರೋ? ಕಾವಿ ಉಟ್ಟವರನ್ನು ಅವನು ಎಂದೂ ನಂಬಿದವನಲ್ಲ. ಎಲ್ಲರೂ ತನ್ನಂಥವರೇ ಎಂದು ತಿಳಿದಿದ್ದ, ಪಾಪ.

“ಬಾ ತಮ್ಮಾ, ಬಿಸಲಾಗ ಬಂದಿ,” ಎಂದು ಅಜ್ಜನವರು ಮಜ್ಜಿಗೆ ಕೊಟ್ಟರು. ಎಲ್ಲರಿಗೂ ಹಚ್ಚುವಂತೆ ಅವನ ಹಣೆಗೂ ವಿಭೂತಿ ಹಚ್ಚಿದರು. ಬೂದಿ! ಗದಿಗೆಪ್ಪ ಹಣೆ ಮುಟ್ಟಿ ನೋಡಿಕೊಂಡ. ಇದು ಬೇಕೆಂದೇ ಹಚ್ಚಿದ್ದೋ? ಮಜ್ಜಿಗೆಯನ್ನೂ ಮೂಸಿ ನೋಡಿಯೇ ಕುಡಿದ.

“ಅಜ್ಜಾರ, ನಿಮಗ ಈ ಗುಡಸಲಾ ಬ್ಯಾಡ್ರಿ. ನಾ ಹಂಚಿನ ಮನಿ ಕಟ್ಟಸ್ತೀನಿ. ಸಾಗವಾನಿ ತೊಲಿನ ಹಾಕಸ್ತೀನ್ರಿ.”

“ಎಲ್ಲಿ ಸಾಗವಾನಿ, ತಮ್ಮಾ?”

ಸಹಜವಾಗಿ ಕೇಳಿದ್ದೋ, ಚುಚ್ಚಿದ್ದೋ? ಗದಿಗೆಪ್ಪ ಕಣ್ಣು ತಪ್ಪಿಸಿ ಒಳಗೆ ನೋಡಿದ. ಪೂಜೆಯ ಮಣೆಯ ಪಕ್ಕ ಅಂಗೈ ಅಗಲದ ಒಂದು ಕಲ್ಲಿತ್ತು. ಅದರ ಮೇಲ್ಮೈ ಸುಟ್ಟು ಕಪ್ಪಾಗಿತ್ತು. ಅಜ್ಜನವರು ಅದನ್ನೆತ್ತಿ ತಿರುವಿ ತೋರಿಸಿದರು. ಕೆಳಮೈ ಬೆಂಕಿ ತಾಗದೆ ಸ್ವಚ್ಛವಾಗಿತ್ತು, ಸಾಗವಾನಿ ಎಲೆಯ ಒಂದು ಚೂರು ಇನ್ನೂ ಅಂಟಿಕೊಂಡಿತ್ತು.

ಆ ಸೀಮೆಯ ಕೊಡಲಿಯವರು ಮರ ಉರುಳಿಸಿದೊಡನೆ ಬೊಡ್ಡೆಯ ಮೇಲೆ ಅದರದೇ ಹಸಿರೆಲೆ ಇಟ್ಟು, ಹಾರಿ ಹೋಗದಂತೆ ಕಲ್ಲು ಹೇರಿ, “ತಪ್ಪಾತವ್ವಾ” ಎಂದು ಕೈಮುಗಿಯುತ್ತಾರೆ. ಗದಿಗೆಪ್ಪನ ಆಳುಗಳೂ ಹಾಗೆಯೇ ಮಾಡಿದ್ದರು. ಅವನು ನೋಡಿ ನಕ್ಕಿದ್ದ, ಆಮೇಲೆ ಮರೆತೇಬಿಟ್ಟಿದ್ದ. ಬೊಡ್ಡೆಗಳು ಕರಿದಾದರೂ ಪ್ರತಿ ಕಲ್ಲಿನಡಿಯ ಕಡಿದ ಮರ ಬೆಳ್ಳಗೆ ಉಳಿದಿತ್ತು. ಬೆಂಕಿಗೆ ಮೊದಲೇ ಮರಗಳು ಬಿದ್ದಿದ್ದವೆಂದು ಎಂಥವರಿಗೂ ತಿಳಿಯುವಂತಿತ್ತು.

“ಏನ ಕೊಡಲ್ರಿ ನಿಮಗ?” ಎಂದ ಗದಿಗೆಪ್ಪ.

ಅಜ್ಜನವರು ಆ ಕಲ್ಲನ್ನು ಅವನ ಕೈಯಲ್ಲೇ ಇಟ್ಟರು. “ತಗೋ. ಸಂಜಿ ಪೂಜಾ ಮುಗಿಸಿ ನಾ ನಾಕಾಕ್ಕ ಹೊಂಟೀನಿ. ನಾ ಹೋದರ ಒಬ್ಬಾಂವ ಬಿಡಗಡಿ ಆಕ್ಕಾನ. ನೀ ಹೋದರ ಇಬ್ಬರು.”

ಅಷ್ಟು ಹೇಳಿ ಕಣ್ಣು ಮುಚ್ಚಿ ಜಪಕ್ಕೆ ಕುಳಿತರು.

ಹೊಳೆ ದಾಟುವಲ್ಲಿ ಗದಿಗೆಪ್ಪ ನಿಂತ. ಇದರಲ್ಲೂ ಏನೋ ಮಸಲತ್ತಿದೆ, ಯಾರನ್ನೋ ಬೆನ್ನಿಗೆ ಬಿಟ್ಟಿರಬೇಕು ಎಂದು ತಿರುತಿರುಗಿ ನೋಡಿದ. ಯಾರೂ ಇರಲಿಲ್ಲ. ಈ ಕಲ್ಲನ್ನು ನೀರಿಗೆಸೆದು, ಆಳುಗಳನ್ನು ಕರೆದುಕೊಂಡು ಹೋಗಿ ಉಳಿದವನ್ನೂ ಸಂಜೆಯೊಳಗೆ ಹೆಕ್ಕಿಬಿಡಬಹುದಿತ್ತು. ಅಜ್ಜನವರಿಗೆ ಇದು ಹೊಳೆಯಲಿಲ್ಲವೇ? ಹೊಳೆದಿತ್ತು. ಹೊಳೆದೂ ಕೊಟ್ಟಿದ್ದರು. ಯಾರನ್ನೂ ನಂಬದ ತನ್ನನ್ನು ಆ ಮುದುಕರು ನಂಬಿ ಕಳಿಸಿದ್ದರು. ಅನುಮಾನಪಡಲು ಇನ್ನೇನೂ ಉಳಿದಿರಲಿಲ್ಲ. ಅವನು ಮರಳ ಮೇಲೆ ಕುಸಿದು ಕುಳಿತು ಗಳಗಳನೆ ಅತ್ತ.

ಹೊತ್ತು ಮುಳುಗುವ ಮುನ್ನ ನಾಕಾದ ಮೇಜಿನ ಮೇಲೆ ಕಲ್ಲಿಟ್ಟು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದ. ಬಾಬಲೋ ಮನೆಗೆ ಹೋದ, ಗದಿಗೆಪ್ಪ ಜೈಲಿಗೆ ಹೋದ.

ಶಿಕ್ಷೆ ಮುಗಿದ ಮೇಲೆ ಅವನು ಪೇಟೆಯ ಮನೆಗೆ ಹೋಗದೆ ನೆಟ್ಟಗೆ ಗುಡಿಸಲಿಗೆ ಬಂದ. ಬಿಸಿಲು ಏರುವ ಮೊದಲೇ ಬಾಬಲೋನ ಜೊತೆ ಕಾಡಿನ ತರಗೆಲೆ ಬಳಿದು, ಬೆಂಕಿ ದಾಟದಂತೆ ಅಗಲವಾದ ಗೆರೆ ಮಾಡುವುದು ವರ್ಷವರ್ಷದ ಸೇವೆಯಾಯಿತು. ಮೊದಮೊದಲು ಬಾಬಲೋ ಅವನ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇದೆಯೋ ಎಂದು ತಡವಿ ನೋಡುತ್ತಿದ್ದ. ಗದಿಗೆಪ್ಪ ಕೈಯೆತ್ತಿ ಸುಮ್ಮನೆ ನಿಲ್ಲುತ್ತಿದ್ದ.

ಕೇಸು ಮುಗಿದಾಗ ರೇಂಜರ್ ಸಾಹೇಬರು ಕಲ್ಲನ್ನು ತಂದೊಪ್ಪಿಸಿದ್ದರು. ಅಜ್ಜನವರು ಲಿಂಗೈಕ್ಯರಾದ ಮೇಲೂ ಅದು ಗದ್ದುಗೆಯ ಮುಂದಿತ್ತು. ದರ್ಶನಕ್ಕೆ ಬಂದವರು ಅದರ ಕಥೆ ಕೇಳಿ, “ಅಂಥಾ ಕಾಡಿಗೆ ಬೆಂಕಿ ಇಟ್ಟ ಪಾಪಿ ಯಾಂವರೀ?” ಎಂದು ಹಲ್ಲು ಕಡಿದರೆ, ಅಂಗಳ ಗುಡಿಸುತ್ತಿದ್ದ ಮುದುಕ ಕಸಬರಿಗೆ ಕೆಳಗಿಟ್ಟು, ಹತ್ತಿರ ಬಂದು, “ನಾನ ರೀ” ಎನ್ನುತ್ತಿದ್ದ.