ಹಿತ್ತಲಿನ ಪಾಪ್ಲರ್ ಸಾಲು

ಗುರುಸಿದ್ದನೆಂಬ ಶಿಷ್ಯ ಗುರುಗಳ ಮುಂದೆ ಕೈಕಟ್ಟಿ ನಿಂತು ಕೇಳಿದ: "ಬುದ್ಧಿ, ನೀವು ಕೂರುವ ಜಗಲಿಗೂ ಉಗ್ರಾಣದ ಬಾಗಿಲಿಗೂ ನಡುವೆ ಸಾಲಾಗಿ ಮರ ನೆಟ್ಟರೆ ಹೇಗೆ? ಮಧ್ಯಾಹ್ನದ ಬಿಸಿಲು ತಮಗೆ ತಾಗುವುದಿಲ್ಲ. ಬೇಗ ಬೆಳೆಯುವ ಮರ ಯಾವುದು?"

ಅಂದು ಮಠದ ಉಗ್ರಾಣದಲ್ಲಿ ದಾಸೋಹಕ್ಕೆಂದು ಮಾಡಿದ ಕಜ್ಜಾಯ ಬುಟ್ಟಿ ತುಂಬ ಇತ್ತು. ಗುರುಗಳು ಆ ಮಾತೆತ್ತಲಿಲ್ಲ.

"ಉತ್ತರದ ಸೀಮೆಯಲ್ಲಿ ಪಾಪ್ಲರ್ ಅಂತ ಒಂದು ಮರವಿದೆಯಪ್ಪ. ನಾನೇ ಕಣ್ಣಾರೆ ನೋಡಿದ್ದೇನೆ. ನೋಡಿಲ್ಲದಿದ್ದರೂ ಕತೆ ಬದಲಾಗುವುದಿಲ್ಲ, ಕೇಳು" ಎಂದು ಶುರುಮಾಡಿದರು.

ಆ ಸೀಮೆಯಲ್ಲಿ ಒಬ್ಬ ವ್ಯಾಪಾರಿ. ಜಿಲೇಬಿಯೆಂದರೆ ಅವನಿಗೆ ಪ್ರಾಣ. ಸಕ್ಕರೆ ಕಾಯಿಲೆ ಬಂದಿತ್ತು. ಇನ್ನು ಸಿಹಿ ಮುಟ್ಟಿದರೆ ಕಾಲು ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು. ಹೆಂಡತಿ ಮನೆಯಿಂದ ಬೆಲ್ಲವನ್ನೂ ಹೊರಹಾಕಿದ್ದಳು. ವ್ಯಾಪಾರಿ ಪೊಟ್ಟಣ ತಂದು ಹಿತ್ತಲಲ್ಲಿ ತಿನ್ನುತ್ತಿದ್ದ. ಪಕ್ಕದ ಮನೆಯ ಅಜ್ಜಿ ತಾರಸಿಯ ಮೇಲೆ ಹಪ್ಪಳ ಕಾಯುತ್ತ ಕೂತವಳು ಅದನ್ನು ಕಂಡು, ಹೆಂಡತಿಗೆ ಸುದ್ದಿ ಮುಟ್ಟಿಸುತ್ತಿದ್ದಳು.

ವ್ಯಾಪಾರಿ ಬೇಲಿಯುದ್ದಕ್ಕೂ ಪಾಪ್ಲರ್ ಕಡ್ಡಿ ಊರಿದ. ಕಡ್ಡಿ ಊರಿದರೆ ಸಾಕು, ಚಿಗುರುವ ಮರ ಅದು. ನೆಟ್ಟಗೆ, ಒತ್ತಾಗಿ ಬೆಳೆದು ಕೆಲವೇ ವರ್ಷಗಳಲ್ಲಿ ತಾರಸಿಯನ್ನು ಮೀರಿತು. ಅಜ್ಜಿ ಮರೆಯಾದಳು. ಬೆಂಕಿಕಡ್ಡಿ ಮಾಡುವವರು ಬಂದು ಮರ ಕೇಳಿದರು. ಮೆತ್ತನೆಯ ಮರ, ಕಡ್ಡಿಗೂ ಪೆಟ್ಟಿಗೆಗೂ ಬಲು ಚೆನ್ನಂತೆ. ಅವನು ಕೊಡಲಿಲ್ಲ. ಮೆತ್ತನೆಯದಾದ್ದರಿಂದಲೇ ಗಾಳಿಗೆ ಕೊಂಬೆ ಮುರಿದು ಹೆಂಚಿನ ಮೇಲೆ ಬಿತ್ತು. ಸಹಿಸಿದ. ನೀರು ಹುಡುಕಿಕೊಂಡು ಹೊರಟ ಬೇರು ಬಚ್ಚಲ ಮೋರಿಗೆ ನುಗ್ಗಿ ಕಟ್ಟಿಕೊಂಡಿತು. ಸ್ನಾನದ ನೀರು ನಡುಮನೆಗೆ ಬಂತು. ಕಡಿಸಿಹಾಕಿ ಎಂದಳು ಹೆಂಡತಿ. ನೆರಳು ಎಷ್ಟು ತಂಪು ನೋಡೇ ಎಂದು ಅವಳಿಗೇ ಉಪದೇಶ ಮಾಡಿದ.

ಬೇಸಿಗೆ ಬಂತು. ಮರದ ಕಾಯಿ ಒಡೆದು ಹಿತ್ತಲೆಲ್ಲ ಹತ್ತಿ ಹಾರಿತು. ವ್ಯಾಪಾರಿ ನೆರಳಲ್ಲಿ ಕೂತು ನೆಮ್ಮದಿಯಾಗಿ ಜಿಲೇಬಿ ತಿಂದ. ಪೊಟ್ಟಣದ ಕಾಗದ ಹೂತ. ಕೈ ತೊಳೆದ. ಏನೂ ಅರಿಯದವನಂತೆ ಒಳಗೆ ಬಂದ. ಹೆಂಡತಿ ಅವನ ಮುಖವನ್ನೇ ನೋಡಿದಳು. ಪಾಕ ಮೆತ್ತಿದ ಕರಿಮೀಸೆಗೆ ಬೆಳ್ಳಗೆ ಹತ್ತಿ ಅಂಟಿತ್ತು.

"ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಮುದುಕರಾಗಿಬಿಟ್ಟಿರಲ್ಲ" ಎಂದಳು.

ಆ ವಾರವೇ ಮರಗಳೆಲ್ಲ ಬೆಂಕಿಕಡ್ಡಿಯವರ ಗಾಡಿ ಹತ್ತಿದವು. ಅಜ್ಜಿ ಮತ್ತೆ ಹಪ್ಪಳ ಒಣಗಿಸಲು ಕೂತಳು.

ಕತೆ ಮುಗಿಯಿತು. ಗುರುಸಿದ್ದ ಮತ್ತೆ ಕೇಳಿದ:

"ಬುದ್ಧಿ, ಹತ್ತಿ ಹಾರದಂಥ ಮರ ಯಾವುದೂ ಇಲ್ಲವೇ?"

"ಇದೆ, ನಾಳೆಯೇ ನೆಡು, ಈಗ ಮೊದಲು ಗಡ್ಡಕ್ಕೆ ಅಂಟಿರುವ ಕಜ್ಜಾಯದ ಗಸಗಸೆ ಒರೆಸಿಕೋ" ಎಂದರು ಗುರುಗಳು.